ಗೋಡೆಯ ಹೊರಗಿನ ಹೆಸರು

ನಮ್ಮ ಊರಿನಲ್ಲಿ ಮಕ್ಕಳಿಗೆ ಹನ್ನೆರಡು ತುಂಬಿದ ವರ್ಷ ಅವರನ್ನು ಗಂಟೆಗೋಪುರದ ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಎಪ್ಪತ್ತಮೂರು ಮೆಟ್ಟಿಲು. ಮೇಲೆ, ಗಂಟೆಯ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ, ಮದಲೇಣಮ್ಮ ಗೋಡೆಗೆ ಒರಗಿ ಕೂತಿರುತ್ತಾಳೆ. ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು ಕಂಡದ್ದನ್ನು ಹೇಳುತ್ತಾಳೆ. ಅವಳಿಗೆ ಎಲ್ಲವೂ ಒಟ್ಟಿಗೇ ಕಾಣುತ್ತದೆ. ಅಜ್ಜನ ಮದುವೆ, ಮೊಮ್ಮಗನ ಸಾವು, ನಿನ್ನೆ ಒಡೆದ ಗಡಿಗೆ, ಎಲ್ಲವೂ ಕಣ್ಣೆದುರೇ. ಯಾವುದು ಆಗಿಹೋದದ್ದು, ಯಾವುದು ಇನ್ನೂ ಬರಬೇಕಾದದ್ದು ಎಂದು ಕೇಳಿದರೆ ಅವಳು ನಿಮ್ಮ ಮುಖವನ್ನೇ ನೋಡುತ್ತಾಳೆ, ಹುಟ್ಟುಕುರುಡರನ್ನು ಬಣ್ಣ ಕೇಳಿದ ಹಾಗೆ. ಆದ್ದರಿಂದ ಊರಿಗೆ ನಾನು ಬೇಕಾದೆ.

ನನ್ನ ಹೆಸರು ಇನ್ನಾಸಪ್ಪ. ಊರವರು ಪುಸ್ತಕದಯ್ಯ ಎನ್ನುತ್ತಾರೆ. ನನಗಿಂತ ಮೊದಲು ಈ ಕೆಲಸ ನನ್ನ ತಂದೆಯದಾಗಿತ್ತು. ಮದಲೇಣಮ್ಮ ಹೇಳಿದ್ದನ್ನು ಕೇಳಿಸಿಕೊಂಡು ಕೆಳಗೆ ಬರುವುದು, ದೇವಾಲಯದ ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸತ್ತವರನ್ನು ಬರೆದಿಡುವ ಮಣ್ಣಿನ ಪುಸ್ತಕ ಮೂರನ್ನೂ ತಿರುವಿ ಹಾಕುವುದು. ಅಂಥದ್ದು ಆ ಮನೆಯಲ್ಲಿ ಆಗಿಹೋಗಿದ್ದರೆ ನನ್ನ ಪುಸ್ತಕದ ಎಡಪುಟದಲ್ಲಿ ಬರೆಯುವುದು. ಆಗಿಲ್ಲದಿದ್ದರೆ ಬಲಪುಟದಲ್ಲಿ. ಎಡಕ್ಕೆ ಬಿದ್ದರೆ ಮನೆಯವರು ಪಾಯಸ ಮಾಡುತ್ತಾರೆ. ಬಲಕ್ಕೆ ಬಿದ್ದರೆ ಕಾಯುತ್ತಾರೆ. ಬೆಂಕಿ ಎಂದು ಬರೆಸಿಕೊಂಡವರು ಸೂರಿನ ಕೆಳಗೆ ನೀರಿನ ಗಡಿಗೆ ಸಾಲು ಇಡುತ್ತಾರೆ. ಕಾಲು ಮುರಿಯುತ್ತದೆ ಎಂದು ಬರೆಸಿಕೊಂಡ ಬಡಗಿ ಲಾಜರ ಹನ್ನೊಂದು ವರ್ಷ ಕಾದ. ಕಾಯುವ ಸಂಕಟ ತಡೆಯಲಾರದೆ ಒಂದು ದಿನ ತಾನೇ ಅಟ್ಟದಿಂದ ಹಾರಿ ಮುರಿದುಕೊಂಡ. ನಾನು ಅವನ ಸಾಲನ್ನು ಬಲದಿಂದ ಎಡಕ್ಕೆ ಬದಲಿಸಿಕೊಟ್ಟೆ. ಕುಂಟುತ್ತಾ, ಊರಿಗೆಲ್ಲ ಕೈಮುಗಿಯುತ್ತಾ ನೆಮ್ಮದಿಯಿಂದ ಮನೆಗೆ ಹೋದ.

ಮದಲೇಣಮ್ಮನನ್ನು ಕಂಡು ಅಸೂಯೆಪಡುವವರು ಪರವೂರಿನವರು ಮಾತ್ರ. ಅವಳ ಚೊಚ್ಚಲ ಮಗು ಮೂರೇ ದಿನ ಬದುಕಿತ್ತು. ನಮಗಾದರೆ ಅದು ನಲವತ್ತು ವರ್ಷದ ಹಿಂದಿನ ಮಾತು, ಅವಳಿಗೆ ಹಾಗಲ್ಲ. ಆ ಮಗು ಅವಳಿಗೆ ಈಗಲೂ ಹುಟ್ಟುತ್ತಿದೆ, ಈಗಲೂ ಮಣ್ಣಾಗುತ್ತಿದೆ. ಒಂದೇ ಉಸಿರಿನಲ್ಲಿ ಲಾಲಿ ಹಾಡಿ ಎದೆ ಬಡಿದುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ನಾನು ಒಬ್ಬನೇ ಮೇಲೆ ಹೋದಾಗಲೂ, "ನಿಮ್ಮಪ್ಪಂಗೆ ಚೂರು ಸರ್ಕೊಳ್ಳೋಕೆ ಹೇಳು, ಗಾಳಿ ಬರ್ತಿಲ್ಲ" ಎನ್ನುತ್ತಾಳೆ. ನಾನು ಪಕ್ಕಕ್ಕೆ ತಿರುಗಿ ಸತ್ತ ತಂದೆಗೆ ಹಾಗೆಂದು ಹೇಳುತ್ತೇನೆ. ಇಲ್ಲವಾದರೆ ಅವಳು ಮಾತು ಮುಂದುವರಿಸುವುದಿಲ್ಲ.

ನಮ್ಮ ದೇವಾಲಯದ ಪಾದ್ರಿಗಳಾದ ದೊಡ್ಡ ಸ್ವಾಮಿಗಳು ಇದರ ಬಗ್ಗೆ ವರ್ಷಕ್ಕೊಮ್ಮೆ ಪ್ರಸಂಗ ಮಾಡುತ್ತಾರೆ. ದೇವರಿಗೂ ಹೀಗೇ ಎಲ್ಲ ಕಾಲವೂ ಒಟ್ಟಿಗೇ ಕಾಣುತ್ತದಂತೆ. ಅವನಿಗೆ ನಿನ್ನೆಯಿಲ್ಲ, ನಾಳೆಯಿಲ್ಲ, ತುಂಬಿದ ಒಂದು ಇವತ್ತು ಮಾತ್ರ. ಅವನಿಗೆ ಅದು ಆನಂದ, ಮದಲೇಣಮ್ಮನಿಗೆ ಸಂಕಟ, ಏಕೆಂದರೆ ಸಮುದ್ರವನ್ನು ಚೊಂಬಿಗೆ ಸುರಿದರೆ ಚೊಂಬು ತಾನೇ ಏನು ಮಾಡೀತು. ಆಮೇಲೆ ಅವರು ತಪ್ಪದೆ ಇನ್ನೊಂದು ಮಾತು ಹೇಳುತ್ತಾರೆ. ನೋಡುವುದು ಬೇರೆ, ತಳ್ಳುವುದು ಬೇರೆ. ಜಗಲಿಯಲ್ಲಿ ಕೂತವನು ಬೀದಿಯ ಕೆಸರಿನಲ್ಲಿ ಜಾರುವವನನ್ನು ಕಂಡರೆ, ಜಾರಿಸಿದವನು ಜಗಲಿಯವನಾಗುತ್ತಾನೆಯೇ? ದೇವರು ಕಂಡಿದ್ದಾನೆ ಎಂದು ಯಾರ ಕಾಲನ್ನೂ ಕಟ್ಟಿಹಾಕಿಲ್ಲ, ನಡೆಯುವವರು ನೀವೇ. ಈ ಮಾತು ನನಗೆ ಬಹಳ ಇಷ್ಟವಾಗಿತ್ತು. ಅವಳು ನೋಡುತ್ತಾಳೆ, ನಾನು ಬರೆಯುತ್ತೇನೆ, ತಳ್ಳುವವರು ಇಬ್ಬರೂ ಅಲ್ಲ ಎಂದುಕೊಂಡು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ. ನಾನು ಎಂಥ ಮೂರ್ಖ ಎಂಬುದು ಈ ಕಥೆಯಲ್ಲಿ ಗೊತ್ತಾಗುತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ ಅಂಬಿಗ ಸಂದಿಯಾಗಪ್ಪ ತನ್ನ ಒಬ್ಬಳೇ ಮಗಳು ಫಿಲೋಮಿನಳನ್ನು ಮೇಲಕ್ಕೆ ಕರೆತಂದ. ಊರಿನ ದೋಣಿ ಅವನದು, ಅವನಪ್ಪನಿಂದ ಬಂದದ್ದು. ಹುಡುಗಿ ಮೀನಿನಂತೆ ಈಜುತ್ತಿದ್ದಳು, ಮೆಟ್ಟಿಲು ಹತ್ತುವಾಗಲೂ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮದಲೇಣಮ್ಮ ಒದ್ದೆ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ಒಂದು ಹೆಣ್ಣು. ನೀರಿನಡಿ ಮಲಗೈತೆ, ಕಣ್ಣು ಬಿಟ್ಕೊಂಡು. ವಯಸ್ಸಿನ ಹುಡುಗಿ. ಎಡಗಾಲಲ್ಲಿ ಮಾತ್ರ ಕಾಲುಸರ, ಮೀನಿನ ಕೊಂಡಿದು. ಬಲಗಾಲು ಬರಿದು. ಮೇಲೆ ನಿಮ್ಮ ದೋಣಿ ನಿಂತೈತೆ."

ಸಂದಿಯಾಗಪ್ಪ ನನ್ನ ಮುಖ ನೋಡಿದ. ನಾನು ಕೆಳಗಿಳಿದು ಮಣ್ಣಿನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಅಂಬಿಗರ ಮನೆಯಲ್ಲಿ ಐದು ತಲೆಮಾರಿನಲ್ಲಿ ನೀರಿನಲ್ಲಿ ಸತ್ತ ಹೆಣ್ಣಿಲ್ಲ. ಬೇರೆ ಮನೆಗಳಲ್ಲೂ ವಯಸ್ಸಿನ ಹುಡುಗಿ ಯಾರೂ ಮುಳುಗಿ ಸತ್ತದ್ದಿಲ್ಲ. ಮೂರು ದಿನ ಹುಡುಕಿದೆ. ನನಗಾಗ ಇಪ್ಪತ್ತೆಂಟು ವಯಸ್ಸು, ತಂದೆ ತೀರಿಹೋಗಿ ಕೆಲಸ ಕೈಗೆ ಬಂದು ಒಂದೇ ವರ್ಷ. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕಾಗಿ ಕೆಲಸ ಮಾಡುತ್ತೇನೆ ಎಂಬ ಹಮ್ಮು.

ಮೂರನೆಯ ದಿನ ಸಂಜೆ, ಸಮಾಧಿಯ ಗುಂಡಿ ತೋಡುವವರ ಮನೆಯ ಚೌರಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. "ಅಯ್ಯಾ, ಅಂಬಿಗರ ಮಗೀಗೆ ಹೇಳಿದ್ದು ಆಗ್ಹೋಗಿರೋ ಸಂಗತಿ ಅನ್ಸುತ್ತೆ. ನಾನು ಮದುವೆಯಾಗಿ ಬಂದ ವರ್ಷ ಒಂದು ಹೆಣ್ಮಗಳು..." ಎಂದು ಶುರುಮಾಡಿದಳು. ನಾನು ತಲೆಯೆತ್ತದೆ, "ಪುಸ್ತಕದಲ್ಲಿ ಐತಾ?" ಎಂದೆ. "ಪುಸ್ತಕದಲ್ಲಿ ಇರಲ್ಲ ಅಯ್ಯಾ, ಅವಳು..." ಎಂದಳು. "ಪುಸ್ತಕದಲ್ಲಿ ಇಲ್ಲದ್ದು ಆಗಿಲ್ಲ ಚೌರಮ್ಮ. ಹೋಗು, ಕತ್ತಲಾಗ್ತದೆ." ಅವಳು ಹೋದಳು. ನಾನು ಲೇಖನಿ ಅದ್ದಿ ಬಲಪುಟದಲ್ಲಿ ಬರೆದೆ: ಫಿಲೋಮಿನ, ಸಂದಿಯಾಗಪ್ಪನ ಮಗಳು, ನೀರಿನಲ್ಲಿ.

ಸಂದಿಯಾಗಪ್ಪ ಒಂದೇ ವಾರದಲ್ಲಿ ದೋಣಿ ಮಾರಿದ. ಹೊಳೆ ಕಾಣದ ಜಾಗ ಹುಡುಕಿಕೊಂಡು ಗುಡ್ಡದ ಮೇಲೆ ಹೋಗಿ ಸುಣ್ಣದ ಗೂಡು ಹಾಕಿದ. ಹುಟ್ಟು ಹಾಕಿ ಬೆಳೆದ ತೋಳು ಕಲ್ಲು ಒಡೆಯಲು ಕಲಿಯಿತು, ಕಣ್ಣಿನ ರೆಪ್ಪೆಯ ತನಕ ಬೆಳ್ಳಗಾದ. ಅಲ್ಲಿ ಬಾವಿಯಿಲ್ಲ. ಕುಡಿಯುವ ನೀರನ್ನು ತಾನೇ ಹೊತ್ತು ತರುತ್ತಿದ್ದ. ಮನೆಯಲ್ಲಿ ಚೊಂಬಿಗಿಂತ ದೊಡ್ಡ ಪಾತ್ರೆಯಲ್ಲಿ ನೀರು ನಿಲ್ಲುವಂತಿರಲಿಲ್ಲ. ಮಳೆ ಬಂದರೆ ಅಂಗಳದ ನೀರು ಇಂಗುವವರೆಗೆ ಹುಡುಗಿ ಹೊಸಿಲು ದಾಟುವಂತಿಲ್ಲ. ಅಮ್ಮ ಆರೋಗ್ಯಮ್ಮ ಅವಳ ಎರಡು ಕಾಲಿನ ಕಾಲುಸರವನ್ನೂ ಬಿಚ್ಚಿ ಕೆರೆಯಾಚೆಯ ಸಂಬಂಧಿಕರಿಗೆ ಕೊಟ್ಟುಬಿಟ್ಟಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮಲ್ಲಿ ಗಾದೆ. ಈ ಹುಡುಗಿ ಊರಲ್ಲೇ ಹುಟ್ಟಿ ನೀರಿಗೆ ಬಾರದೆ ಉಳಿದಳು.

ಅವಳಿಗೆ ಹತ್ತೊಂಬತ್ತಾದಾಗ ಆಚೆ ದಡದ ಬಸ್ತಿಯಾನ ಎಂಬವನು ಕೇಳಿಕೊಂಡು ಬಂದ. ಸುಣ್ಣ ಕೊಳ್ಳಲು ಬಂದವನು ಮೂರು ಸಲ ಬೇಡದಿದ್ದರೂ ಸುಣ್ಣ ಕೊಂಡಿದ್ದ. ಮದುವೆಯಾಗಬೇಕಾದರೆ ಹೊಳೆ ದಾಟಬೇಕು. ಅವನು ನಾಲ್ಕು ವರ್ಷ ಕಾದು ಬೇರೆಯವಳನ್ನು ಮದುವೆಯಾದ. ಆರೋಗ್ಯಮ್ಮ ಸತ್ತಾಗ ಫಿಲೋಮಿನ ಮಣ್ಣಿಗೆ ಹೋಗಲಿಲ್ಲ, ಸಮಾಧಿಭೂಮಿಯ ದಾರಿಯಲ್ಲಿ ಒಂದು ತೊರೆ, ಅದರ ಮೇಲೆ ಒಂದು ಕಾಲುಸಂಕ. ಶವಪೆಟ್ಟಿಗೆಯ ಹಿಂದೆ ತಿರುವಿನವರೆಗೆ ನಡೆದು ನಿಂತುಬಿಟ್ಟಳು. ನಾನು ಹಿಂತಿರುಗಿ ನೋಡಿದೆ. ಅವಳು ಅಳುತ್ತಿರಲಿಲ್ಲ, ತೊರೆಯ ಸದ್ದು ಕೇಳುತ್ತಿದ್ದಳು.

ಸಂದಿಯಾಗಪ್ಪನಿಗೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯಿತ್ತು. ದೊಡ್ಡ ಸ್ವಾಮಿಗಳು ಒಮ್ಮೆ ಪ್ರಸಂಗದಲ್ಲಿ, ನಲವತ್ತು ದಿನದಲ್ಲಿ ನಾಶವಾಗುತ್ತೀರಿ ಎಂದು ಪ್ರವಾದಿಯೊಬ್ಬ ಸಾರಿದ ಹಳೆಯ ಪಟ್ಟಣದ ಕಥೆ ಹೇಳಿದ್ದರು. ಊರಿಗೆ ಊರೇ ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂತಿತಂತೆ, ದೇವರು ಬಿಟ್ಟುಬಿಟ್ಟನಂತೆ. ಬರುವುದನ್ನು ತಡೆಯಬಹುದು ಎಂದು ಅವನು ತಿಳಿದುಕೊಂಡ. ಅಂದಿನಿಂದ ಅಂಗಿಯ ಕೆಳಗೆ ಗೋಣಿ, ಬುಧವಾರ ಶುಕ್ರವಾರ ಉಪವಾಸ. ದಿನಾ ಸಂಜೆ ಶಿಲುಬೆಯ ಮುಂದೆ ದೀಪ ಹಚ್ಚಿ ಒಂದೇ ಮಾತು ಹೇಳುತ್ತಿದ್ದ: "ಇವತ್ತೂ ಉಳಿದ್ಲು." ಬೇರೆ ಪ್ರಾರ್ಥನೆ ಅವನಿಗೆ ಮರೆತೇಹೋಗಿತ್ತು. ಊರವರು ಅವನನ್ನು ಗೌರವಿಸುತ್ತಿದ್ದರು. ನಾನೂ ಗೌರವಿಸುತ್ತಿದ್ದೆ.

ಈ ವರ್ಷದ ಮಳೆಗೆ ಸಮಾಧಿಭೂಮಿಯ ಉತ್ತರದ ಗೋಡೆ ಕುಸಿಯಿತು. ಚೌರಮ್ಮನ ಮಗ ರಾಯಪ್ಪ ಹೊಸ ಗೋಡೆಗೆ ಪಾಯ ತೋಡುತ್ತಿದ್ದ. ನಾಲ್ಕನೆಯ ದಿನ ಒಂದು ಬಟ್ಟೆಯ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ಬಿಚ್ಚಿದರೆ, ಕಪ್ಪಗಾದ ಒಂದು ಬೆಳ್ಳಿ ಕಾಲುಸರ. ಕೊಂಡಿ ಮೀನಿನ ಆಕಾರದ್ದು.

"ಗೋಡೆ ಹೊರಗೆ ಸಿಕ್ತು," ಎಂದ ರಾಯಪ್ಪ. "ಹೆಣ್ಣಿನ ಮೂಳೆ. ಎಡಗಾಲಲ್ಲಿ ಇತ್ತು. ಇನ್ನೊಂದು ಕಾಲಲ್ಲಿ ಇರ್ಲಿಲ್ಲ, ಮಣ್ಣೆಲ್ಲ ಜರಡಿ ಹಿಡ್ದೆ."

ಗೋಡೆಯ ಹೊರಗೆ ಹೂಳುವುದು ತಮ್ಮ ಜೀವ ತಾವೇ ತೆಗೆದುಕೊಂಡವರನ್ನು. ಅವರಿಗೆ ಪೂಜೆಯಿಲ್ಲ, ಗಂಟೆಯಿಲ್ಲ, ಮಣ್ಣಿನ ಪುಸ್ತಕದಲ್ಲಿ ಹೆಸರೂ ಇಲ್ಲ. ಇದು ನನಗೆ ಗೊತ್ತಿತ್ತು, ಹುಟ್ಟಿದಾಗಿನಿಂದ ಗೊತ್ತಿತ್ತು. ಪುಸ್ತಕ ತಿರುವುತ್ತಿದ್ದ ಆ ಮೂರು ದಿನ ಒಮ್ಮೆಯೂ ಹೊಳೆದಿರಲಿಲ್ಲ.

"ಅವ್ವ ಹೇಳ್ತಿದ್ಲು," ಎಂದ ರಾಯಪ್ಪ, ನನ್ನ ಮುಖ ನೋಡದೆ. "ಆ ಹೆಣ್ಮಗಳು ಸಂದಿಯಾಗಣ್ಣನ ಅಪ್ಪನ ದೋಣಿಯಿಂದ ಹಾರಿದ್ಲಂತೆ, ನಡುಹೊಳೇಲಿ. ದೋಣಿಯಿಂದ ಹಾರಿದೋರ ಸುದ್ದಿ ಅಂಬಿಗರು ಎತ್ತಲ್ಲ, ಅಪಶಕುನ ಅಂತ. ಅವ್ವ ನಿಮಗೆ ಹೇಳಕ್ಕೆ ಬಂದಿದ್ಲಂತಲ್ಲ, ಪುಸ್ತಕದಯ್ಯ ಕೇಳ್ಲಿಲ್ಲ ಕಣೋ ಅಂದ್ಲು."

"ಹೆಸರು?" ಎಂದೆ.

"ಅವ್ವಂಗೆ ಗೊತ್ತಿತ್ತು. ನಾನು ಕೇಳ್ಲಿಲ್ಲ." ಚೌರಮ್ಮ ಸತ್ತು ಆರು ವರ್ಷವಾಗಿತ್ತು.

ಕಾಲುಸರ ಹಿಡಿದುಕೊಂಡು ಗೋಪುರ ಹತ್ತಿದೆ. ಮದಲೇಣಮ್ಮನ ಅಂಗೈಯಲ್ಲಿಟ್ಟೆ. ಅವಳು ಅದನ್ನು ಮೂಸಿ ನೋಡಿ, "ನೀರಲ್ಲಿ ಅವಳೆ," ಎಂದಳು. "ಯಾರು, ಸಂದಿಯಾಗಪ್ಪನ ಮಗಳಾ?" "ಅವಳೂ ಅಲ್ಲೇ ಅವಳೆ. ಈಜ್ತಾವಳೆ." "ಇದು ಯಾರದ್ದು ಮದಲೇಣಮ್ಮ? ಅವಳ ಹೆಸರೇನು?" ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು. "ಅವಳನ್ನ ಯಾರೂ ಕೂಗ್ತಿಲ್ಲ ಕಣಪ್ಪ. ಕೂಗಿದ್ರೆ ಕೇಳಿಸ್ತಿತ್ತು." ಕಣ್ಣು ತೆರೆದು ನನ್ನನ್ನು ಕನಿಕರದಿಂದ ನೋಡಿದಳು. ಆ ನೋಟಕ್ಕಿಂತ ನಾಲ್ಕು ಬೈದಿದ್ದರೆ ಹಿತವಾಗಿರುತ್ತಿತ್ತು.

ದೊಡ್ಡ ಸ್ವಾಮಿಗಳು ಕಾಲುಸರವನ್ನು ಮುಟ್ಟಲೂ ಇಲ್ಲ. ಗೋಡೆಯ ಹೊರಗಿನವರನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ, ಹೆಸರಿಲ್ಲದವರನ್ನಂತೂ ಬರೆಯುವಂತೆಯೇ ಇಲ್ಲ. ಇನ್ನು ಫಿಲೋಮಿನಳ ಸಾಲು ಅವಳ ಹೆಸರಿನಲ್ಲಿದೆ, ಬಲಪುಟದ ಸಾಲನ್ನು ಅದೇ ಹೆಸರಿಗೆ ಅದು ನಡೆಯದ ಹೊರತು ತೆಗೆಯುವ ರೂಢಿಯಿಲ್ಲ. "ಬರೆದದ್ದನ್ನ ಅಳಿಸಿದ್ರೆ ನಾಳೆ ಪುಸ್ತಕಕ್ಕೆ ಏನು ಬೆಲೆ ಇನ್ನಾಸಪ್ಪ?" ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ನನಗೆ ಹೊಸದಲ್ಲ. ಎಲ್ಲವೂ ನಾನೇ ಇತರರಿಗೆ ಹೇಳುತ್ತಾ ಬಂದವೇ.

ಮರುದಿನ ಗುಡ್ಡ ಹತ್ತಿದೆ. ಸಂದಿಯಾಗಪ್ಪ ಗೂಡಿಗೆ ಕಲ್ಲು ತುಂಬುತ್ತಿದ್ದ. ಅವನಿಗೆ ಅರವತ್ತು ದಾಟಿತ್ತು. ಎಲ್ಲವನ್ನೂ ಹೇಳಿದೆ, ಚೌರಮ್ಮನನ್ನು ಕಳಿಸಿಬಿಟ್ಟದ್ದನ್ನೂ ಹೇಳಿದೆ. ಅವನು ಕಾಲುಸರವನ್ನು ತಿರುಗಿಸಿ ತಿರುಗಿಸಿ ನೋಡಿದ. ಸಂತೋಷಪಡುತ್ತಾನೆ ಅಥವಾ ನನ್ನ ಕುತ್ತಿಗೆ ಹಿಡಿಯುತ್ತಾನೆ ಎಂದು ನಾನು ಎರಡಕ್ಕೂ ತಯಾರಾಗಿ ಬಂದಿದ್ದೆ.

"ಈ ಹೆಣ್ಣಿನ ಹೆಸರು ಪುಸ್ತಕದಲ್ಲಿ ಐತಾ?" ಎಂದ.

"ಇಲ್ಲ ಸಂದಿಯಾಗಣ್ಣ."

"ಪುಸ್ತಕದಲ್ಲಿ ಇಲ್ಲದ್ದು ಆಗಿಲ್ಲ." ಕಾಲುಸರವನ್ನು ನನ್ನ ಕೈಗೆ ವಾಪಸು ತುರುಕಿದ. "ಹತ್ತೊಂಬತ್ತು ವರ್ಷ ನಾನು ಅವಳನ್ನ ಉಳಿಸ್ಕೊಂಡಿದೀನಿ. ದಿನಾ ಉಳಿಸಿದೀನಿ. ಈಗ ಬಂದು, ಏನೂ ಇರ್ಲಿಲ್ಲ ಕಣಯ್ಯ, ಸುಮ್ನೆ ಕೂತಿದ್ದೆ ನೀನು ಅಂತೀಯಾ? ನನ್ನ ಮಗಳಿಗೆ ಹೇಳ್ಬೇಡ. ಹೇಳಿದ್ರೆ ಅವಳು ಹೊಳೆಗೆ ಹೋಗ್ತಾಳೆ. ಹೋದ್ರೆ ಬಲಗಡೆ ಬರೆದಿದ್ದು ಆಯ್ತದೆ. ಆಣೆ ಮಾಡು."

ನಾನು ಆಣೆ ಮಾಡಿದೆ. ಹೇಡಿಗೆ ಆಣೆ ಎಂದರೆ ನೆರಳು ಸಿಕ್ಕಿದ ಹಾಗೆ. ಮೂರು ವಾರ ಅದರಡಿಯಲ್ಲಿ ಕೂತೆ. ಗಂಟು ನನ್ನ ಮೇಜಿನ ಮೇಲೆಯೇ ಇತ್ತು, ಮೂಳೆಗಳು ರಾಯಪ್ಪನ ಗುಡಿಸಿಲಿನ ಮೂಲೆಯಲ್ಲಿ ಬುಟ್ಟಿಯಲ್ಲಿದ್ದವು. ಅವನು ದಿನಾ ಬಂದು, ಏನು ಮಾಡಲಿ ಎಂದು ಕೇಳುತ್ತಿದ್ದ. ಪುಸ್ತಕ ತೆರೆದರೆ ಆ ಬಲಪುಟವೇ ತೆರೆದುಕೊಳ್ಳುತ್ತಿತ್ತು. ನಾನು ನೋಡಿದವನಲ್ಲ, ತಳ್ಳಿದವನು. ಇದು ಅರ್ಥವಾಗಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ಗೂಡಿಗೆ ಬೆಂಕಿ ಹಾಕಿದ ದಿನ ಸಂದಿಯಾಗಪ್ಪ ಅಲ್ಲಿಂದ ಕದಲುವಂತಿಲ್ಲ. ಆ ದಿನ ಹಿಂದಿನ ದಾರಿಯಿಂದ ಮನೆಗೆ ಹೋಗಿ ಫಿಲೋಮಿನಳಿಗೆ ಹೇಳಿಬಿಟ್ಟೆ. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮೂವತ್ತೊಂದರ ಹೆಣ್ಣು, ಸುಣ್ಣದ ಧೂಳಿಗೆ ಕಿವಿಯ ಬಳಿ ಕೂದಲು ನರೆತಂತೆ ಕಾಣುತ್ತಿತ್ತು. ನಾನು ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದ ಮೇಲೆ ಕಾಲುಸರಕ್ಕಾಗಿ ಕೈಚಾಚಿದಳು.

"ಯಾಕೆ ಹಾರಿದ್ಲಂತೆ?"

"ಗೊತ್ತಿಲ್ಲಮ್ಮ."

"ಹೆಸರು?"

"ಗೊತ್ತಿದ್ದೋಳು ಹೇಳೋಕೆ ಬಂದಿದ್ಲು. ನಾನು ಕೇಳ್ಲಿಲ್ಲ."

ಅವಳು ಕಾಲುಸರವನ್ನು ಮಡಿಲಲ್ಲಿಟ್ಟುಕೊಂಡಳು. "ನನ್ನ ಹನ್ನೆರಡನೇ ವರ್ಷದಿಂದ ಅವಳು ದಿನಾ ನನ್ನ ಜೊತೆ ಮಲಗಿ ಎದ್ದವಳೆ. ನೀರಿನಡಿ ಹೆಂಗಿರುತ್ತೆ, ಕಣ್ಣು ಬಿಟ್ಕೊಂಡ್ರೆ ಏನು ಕಾಣುತ್ತೆ, ಒಂದು ಕಾಲುಸರ ಯಾವಾಗ ಬಿದ್ದೋಯ್ತು, ಎಲ್ಲ ಯೋಚ್ನೆ ಮಾಡಿದೀನಿ. ಅದು ನಾನೇ ಅನ್ಕೊಂಡು ಮಾಡಿದೀನಿ. ಅವಳಿಗೆ ಬೇಕಾದಾಗ ಅವಳಿಗೋಸ್ಕರ ಒಬ್ರೂ ಹೆದರ್ಲಿಲ್ಲ, ನೋಡಿ. ಹೆದರಿದ್ದಿದ್ರೆ ಯಾರಾದ್ರೂ ಕೈ ಹಿಡ್ಕೊಂಡಿರೋರು. ಅವಳ ಪಾಲಿನ ಹೆದರಿಕೆಯೆಲ್ಲ ನನಗೆ ಬಂತು, ತಡವಾಗಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅಳು ಬಂತು, ಅವಳ ಮುಂದೆ ಅಳುವ ಯೋಗ್ಯತೆ ನನಗಿಲ್ಲವೆಂದು ನುಂಗಿಕೊಂಡೆ.

"ಅವಳನ್ನ ಗೋಡೆ ಒಳಗೆ ಹೂಳೋಕೆ ಏನು ಬೇಕು?" ಎಂದು ಕೇಳಿದಳು.

"ಪುಸ್ತಕದಲ್ಲಿ ಹೆಸರು ಬೇಕು. ಮರಿಯ ಅಂತಲೋ ಏನೋ ಒಂದು ಬರೆದು ನೋಡ್ತೀನಿ."

"ನನ್ನ ಸಾಲು ಬಲಗಡೆಯಿಂದ ಎಡಗಡೆಗೆ ಹೋಗೋಕೆ?"

ಅದು ಅವಳಿಗೇ ಗೊತ್ತಿತ್ತು, ಲಾಜರನ ಕಾಲಿನ ಕಥೆ ಊರಿಗೆಲ್ಲ ಗೊತ್ತು.

"ಹಂಗಾದ್ರೆ ನನ್ನ ಹೆಸರೇ ಬರೀರಿ," ಎಂದಳು. "ಅವಳ ಹೆಸರು ನೀವು ಕಳೆದ್ರಿ. ನನ್ನದು ಹತ್ತೊಂಬತ್ತು ವರ್ಷದಿಂದ ಅವಳ ಹತ್ರಾನೇ ಐತೆ. ಇಲ್ಲದ ಹೆಸರು ಹಾಕಿದ್ರೆ ನಮ್ಮಪ್ಪ ನಂಬಲ್ಲ."

ಪುಸ್ತಕದಲ್ಲಿ ಸತ್ತವಳು ಈ ಊರಿನಲ್ಲಿ ಬದುಕಿರುವಂತಿಲ್ಲ ಎಂದು ನಾನು ಹೇಳಿದೆ. ಪೂಜೆಯಲ್ಲಿ ಪ್ರಸಾದ ಕೊಡುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ, ಒಂದು ಹೆಸರಿಗೆ ಒಂದೇ ಗುಂಡಿ, ನಾಳೆ ಅವಳು ಸತ್ತರೆ ಗೋಡೆಯೊಳಗೆ ಜಾಗವಿಲ್ಲ. ಅಪ್ಪ ಏನಾಗುತ್ತಾನೆ ಎಂದೂ ಕೇಳಿದೆ. ಅವಳು ಅವರೆಸಿಪ್ಪೆಯನ್ನು ಒಟ್ಟುಮಾಡುತ್ತಾ, "ಕಾಯೋದಾದ್ರೂ ಮುಗೀಲಿ ಅವರಿಗೆ," ಎಂದಳು. ಅದು ಪ್ರೀತಿಯೋ ಬಳಲಿಕೆಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ನಾನು ಮಣ್ಣಿನ ಪುಸ್ತಕದಲ್ಲಿ ಅವಳ ಹೆಸರು ಬರೆದೆ, ನನ್ನ ಪುಸ್ತಕದ ಸಾಲನ್ನು ಎಡಕ್ಕೆ ಬದಲಿಸಿದೆ. ತಿಂಗಳ ಕೊನೆಯ ಭಾನುವಾರ ಆ ತಿಂಗಳು ಪುಸ್ತಕಕ್ಕೆ ಸೇರಿದ ಸತ್ತವರ ಹೆಸರನ್ನು ಪೀಠದಿಂದ ಓದುವುದು ವಾಡಿಕೆ. ಪಟ್ಟಿ ಬರೆದುಕೊಡುವವನು ನಾನೇ. ದೊಡ್ಡ ಸ್ವಾಮಿಗಳು ಕಾಗದ ನೋಡಿ ಓದುವವರು, ಯೋಚಿಸಿ ಓದುವವರಲ್ಲ. "ಫಿಲೋಮಿನ, ಸಂದಿಯಾಗಪ್ಪನ ಮಗಳು, ನೀರಿನಲ್ಲಿ" ಎಂದು ಓದಿ ಮುಂದಿನ ಹೆಸರಿಗೆ ಹೋದ ಮೇಲೆ ಅವರ ದನಿ ತಡವರಿಸಿತು. ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಪೀಠದಿಂದ ಓದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದೂ ರೂಢಿಯೇ.

ಹೆಂಗಸರ ಸಾಲಿನಲ್ಲಿ ಫಿಲೋಮಿನಳ ಎರಡೂ ಪಕ್ಕದವರು ಸರಿದು ಕೂತರು. ಗಂಡಸರ ಕಡೆ ಸಂದಿಯಾಗಪ್ಪ ಎದ್ದು ನಿಂತ. ಕೂಗಾಡುತ್ತಾನೆ, ಮಗಳು ಅಲ್ಲೇ ಇದ್ದಾಳೆ ಎಂದು ಬೆರಳು ತೋರಿಸುತ್ತಾನೆ ಎಂದು ನಾನು ಎಣಿಸಿದ್ದೆ. ಅವನು ಮಂಡಿಯೂರಿ ಕುಸಿದ, ಹತ್ತೊಂಬತ್ತು ವರ್ಷದಿಂದ ತಡೆದಿಟ್ಟುಕೊಂಡ ಅಳು ಒಂದೇ ಸಲ ಹೊರಗೆ ಬಂತು. ಅಷ್ಟು ಜೋರಾಗಿ ಅತ್ತವರನ್ನು ನಾನು ಆ ಮೊದಲು ಕಂಡಿಲ್ಲ. ಪೂಜೆ ಮುಗಿದ ಮೇಲೆ ಫಿಲೋಮಿನ ಅವನ ಮುಂದೆ ಬಂದು ನಿಂತು, "ಅಪ್ಪಾ, ಇಲ್ಲೇ ಇದೀನಿ," ಎಂದಳು. ಅವನು ಅವಳ ಪಕ್ಕದಿಂದ ಆಚೆ ನೋಡಿ ರಾಯಪ್ಪನನ್ನು ಕೇಳಿದ: "ಎಲ್ಲಿ ಸಿಕ್ಕಿದ್ಲಪ್ಪ?"

ರಾಯಪ್ಪ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಉತ್ತರದ ಗೋಡೆ ಆಚೆ ಅಣ್ಣ," ಎಂದ.

ಅದೇ ಮಧ್ಯಾಹ್ನ ಆ ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಗಂಟೆ ಹೊಡೆದು, ಆರೋಗ್ಯಮ್ಮನ ಪಕ್ಕದಲ್ಲಿ ಹೂಳಿದೆವು. ಕಾಲುಸರವನ್ನು ನಾನೇ ಒಳಗಿಟ್ಟೆ. ಸಂದಿಯಾಗಪ್ಪ ಮೂರು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ನಿಂತ. ಜನರ ಹಿಂದೆ, ತುಸು ದೂರದಲ್ಲಿ ಫಿಲೋಮಿನ ಬಂದಿದ್ದಳು. ಸಂಕದ ಮೇಲೆ ಸೀರೆ ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು, ಯಾರೂ ಕೈಕೊಡಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಅಮ್ಮನ ಸಮಾಧಿಯ ಬಳಿ ಸ್ವಲ್ಪ ಹೊತ್ತು ಕೂತು, ಹೊಸ ಮಣ್ಣನ್ನು ಅಂಗೈಯಿಂದ ಸವರಿ, ಹೊಳೆಯ ಕಡೆ ನಡೆದಳು.

ನಾನು ಹಿಂದೆಯೇ ಹೋದೆ, ದೂರದಲ್ಲಿ. ಅವಳು ಮೊಣಕಾಲಿನವರೆಗೆ ನೀರಿಗಿಳಿದು ಕಾಲು ತೊಳೆದುಕೊಂಡಳು. ತುಂಬ ಹೊತ್ತು ತೊಳೆದಳು. ಆಮೇಲೆ ದೋಣಿ ಹತ್ತಿದಳು. ಈಗಿನ ಅಂಬಿಗ, ಸತ್ತವಳ ಜೊತೆ ಮಾತಾಡಬಾರದೆಂದು, ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಿದ. ಅವಳು ಆಚೆ ದಡದ ಕಡೆ ಮುಖಮಾಡಿ ಕೂತಳು. ಅಲ್ಲಿ ಅವಳಿಗಾಗಿ ಯಾರೂ ಕಾಯುತ್ತಿರಲಿಲ್ಲ. ಬಸ್ತಿಯಾನನಿಗೆ ಆಗಲೇ ಮೂರು ಮಕ್ಕಳು.

ಅವಳಿಂದ ಸುದ್ದಿ ಬರಲಿಲ್ಲ. ಆಚೆಯಿಂದ ಬಂದವರನ್ನು ಕೇಳುವಂತಿಲ್ಲ, ಕೇಳಿದರೂ ಹೇಳುವಂತಿಲ್ಲ. ಸಂದಿಯಾಗಪ್ಪ ಗೋಣಿ ಬಿಚ್ಚಿದ, ಉಪವಾಸ ಬಿಟ್ಟ, ಗೂಡಿಗೆ ಬೆಂಕಿ ಹಾಕುವುದನ್ನೂ ಬಿಟ್ಟ. ಸಂಜೆ ದೀಪ ಹಚ್ಚಿ ಶಿಲುಬೆಯ ಮುಂದೆ ಕೂರುತ್ತಾನೆ, ಹೇಳಲು ಮಾತಿಲ್ಲದೆ ದೀಪ ಆರಿಸಿ ಏಳುತ್ತಾನೆ ಎಂದು ನೆರೆಯವರು ಹೇಳಿದರು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಗೋಪುರದ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಮೈಮೇಲಿನ ಸುಣ್ಣವೆಲ್ಲ ತೊಳೆದುಹೋಗಿ, ಕಪ್ಪು ಮನುಷ್ಯನೊಬ್ಬ ಅಲ್ಲಿರುವುದು ನನಗೆ ಹೊಸದೆನಿಸಿತು. "ಒಂದು ಸಲ ಮೇಲೆ ಹೋಗಿ ಕೇಳ್ಕೊಂಡು ಬಾ ಇನ್ನಾಸಪ್ಪ," ಎಂದ. "ನನ್ನ ಮಗಳು ಕಾಣ್ತಾಳಾ ಅಂತ."

ಎಪ್ಪತ್ತಮೂರು ಮೆಟ್ಟಿಲು ಹತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಮದಲೇಣಮ್ಮ ಹೇಳಿದಳು. "ಅವಳೆ. ದಡದ ಮೇಲವಳೆ, ಬಟ್ಟೆ ಒಣಗಾಕ್ತಾವಳೆ. ಅಪ್ಪನ ಹೆಗಲ ಮೇಲೆ ಕೂತು ನಗ್ತಾವಳೆ. ನೀರಲ್ಲೂ ಅವಳೆ." ಅಷ್ಟು ಹೇಳಿ ತನ್ನ ಮಗುವಿನ ಕಡೆ ತಿರುಗಿದಳು.

ಕೆಳಗಿಳಿದು ಬಂದು, "ಕಾಣ್ತಾಳಂತೆ ಸಂದಿಯಾಗಣ್ಣ. ದಡದ ಮೇಲೆ ಬಟ್ಟೆ ಒಣಗಾಕ್ತಾವಳಂತೆ," ಎಂದೆ. ಉಳಿದದ್ದನ್ನು ಹೇಳಲಿಲ್ಲ.

ಅವನು ತಲೆಯೆತ್ತಿದ. ಹಳೆಯ ಆಸೆ ಮತ್ತು ಹಳೆಯ ಭಯ ಎರಡೂ ಒಟ್ಟಿಗೇ ಆ ಕಣ್ಣಿಗೆ ಬಂದವು. "ಯಾವಾಗ?" ಎಂದ. "ಈಗಲಾ? ಇಲ್ಲ, ಚಿಕ್ಕೋಳಿದ್ದಾಗಿನ್ದಾ? ನಮ್ಮ ದೋಣಿ ಇದ್ದಾಗ ಅವಳು ದಡದಲ್ಲೇ ಬಟ್ಟೆ ಒಣಗಾಕ್ತಿದ್ಲು."

ನನ್ನ ತಂದೆಯ ಆಯಸ್ಸು, ನನ್ನ ಆಯಸ್ಸು, ಎರಡೂ ಈ ಒಂದು ಪ್ರಶ್ನೆಗೆ ಉತ್ತರ ಬರೆಯುವುದರಲ್ಲೇ ಕಳೆದಿದ್ದವು. "ಗೊತ್ತಿಲ್ಲ ಸಂದಿಯಾಗಣ್ಣ," ಎಂದೆ.

ಅವನು ನಂಬಲಿಲ್ಲ. "ಪುಸ್ತಕ ನೋಡಿ ಹೇಳಯ್ಯ," ಎಂದು ನನ್ನ ಕೈ ಹಿಡಿದುಕೊಂಡ. ಪುಸ್ತಕದಲ್ಲಿ ಅವಳು ಸತ್ತಿದ್ದಳು, ನನ್ನದೇ ಅಕ್ಷರದಲ್ಲಿ. ನಾನು ಅದನ್ನು ತೆರೆಯದೆ ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.